ಹಗ್ಗ, ಉಳಿ, ಉಗಿಯಂತ್ರ: ಮೊದಲ ಕಾಲದ ಎಣ್ಣೆ ಬಾವಿಗಳು ಮತ್ತು ಅವನ್ನು ಕೊರೆದವರು — ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಉತ್ತರಗಳು ಹೆಚ್ಚಾಗಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಆಯಿಲ್ ಕ್ರೀಕ್ ಕಣಿವೆಯವು. ಕಾಲ, 1859ರಿಂದ ಸುಮಾರು 1900ರವರೆಗೆ. ಇಂದಿನ ತಿರುಗುವ ಬಿಟ್ (ಕೊರೆಯುವ ಮೊನೆ) ಬರುವ ಮೊದಲು ಹಗ್ಗಕ್ಕೆ ಕಬ್ಬಿಣ ಕಟ್ಟಿ ಬಂಡೆ ಕುಟ್ಟಿಯೇ ಎಣ್ಣೆ ತೆಗೆಯುತ್ತಿದ್ದರು. ಪ್ರಶ್ನೆಗಳಲ್ಲಿ ಬಹುಪಾಲು ಆ ಕೆಲಸದ್ದೇ.

ಪ್ರಪಂಚದ ಮೊದಲ ಎಣ್ಣೆ ಬಾವಿ ಎಡ್ವಿನ್ ಡ್ರೇಕ್ ಕೊರೆಸಿದ್ದೇ?

ಅಲ್ಲ. ಈಗಿನ ಅಜರ್‌ಬೈಜಾನ್‌ನ ಬಾಕು ಹತ್ತಿರದ ಬೀಬಿ ಹೈಬತ್‌ನಲ್ಲಿ 1840ರ ದಶಕದಲ್ಲೇ ಕೊರೆದಿದ್ದರು. ಕೆನಡಾದ ಒಂಟಾರಿಯೊದಲ್ಲಿ ಜೇಮ್ಸ್ ಮಿಲ್ಲರ್ ವಿಲಿಯಮ್ಸ್ 1858ರಲ್ಲೇ ಎಣ್ಣೆ ತೆಗೆದಿದ್ದ. ಬರ್ಮಾದ ಯೆನಾಂಜಾವುಂಗ್‌ನಲ್ಲಿ ತಲೆಮಾರುಗಳಿಂದ ಕೈಯಲ್ಲಿ ತೋಡಿದ ಬಾವಿಗಳಿದ್ದವು. ಕೊರೆಯುವ ವಿದ್ಯೆಯಂತೂ ಇನ್ನೂ ಹಳೆಯದು. ಚೀನಾದ ಸಿಚುವಾನ್ ಪ್ರಾಂತ್ಯದಲ್ಲಿ ಬಿದಿರಿನ ಸಲಕರಣೆಯಿಂದ ಉಪ್ಪುನೀರಿನ ಬಾವಿ ಕೊರೆಯುತ್ತಿದ್ದವರು 1835ರಲ್ಲಿ ಝಿಗೊಂಗ್‌ನ ಶೆನ್‌ಹಾಯ್ ಬಾವಿಯನ್ನು 1,000 ಮೀಟರ್ ದಾಟಿಸಿದ್ದರು. ಡ್ರೇಕ್ ಬಾವಿಯ ಆಳ 69 ಅಡಿ 6 ಅಂಗುಲ.

ಮತ್ತೆ ಡ್ರೇಕ್‌ಗೆ ಇಷ್ಟು ಹೆಸರೇಕೆ?

ಅವನ ಬಾವಿಯ ಬೆನ್ನಿಗೇ ಒಂದು ಉದ್ಯಮ ಹುಟ್ಟಿಕೊಂಡಿತು, ಅದಕ್ಕೆ. ಡ್ರೇಕ್ ರೈಲ್ವೆಯಲ್ಲಿ ಕಂಡಕ್ಟರ್ ಆಗಿದ್ದವನು. ನ್ಯೂ ಹೇವನ್‌ನ ಸೆನೆಕಾ ಆಯಿಲ್ ಕಂಪನಿ ಅವನನ್ನು ಆಯಿಲ್ ಕ್ರೀಕ್ ದಂಡೆಯ ಟೈಟಸ್‌ವಿಲ್ ಊರಿಗೆ ಕಳುಹಿಸಿತು. ಹೆಸರಿನ ಹಿಂದಿನ ‘ಕರ್ನಲ್’ ಊರವರ ಮುಂದೆ ತೂಕ ಬರಲೆಂದು ಕಂಪನಿಯವರೇ ಅಂಟಿಸಿದ್ದು. ಅವನು ಸೈನ್ಯದಲ್ಲಿ ಇದ್ದವನೇ ಅಲ್ಲ.

ತಾಂತ್ರಿಕವಾಗಿ ಅವನದ್ದೆನ್ನಬಹುದಾದ ಉಪಾಯ ಒಂದಿದೆ. ಹೊಳೆಯ ದಂಡೆಯ ಮರಳು, ಜಲ್ಲಿಯಲ್ಲಿ ಗುಂಡಿ ತೋಡಿದಷ್ಟೂ ನೀರು ನುಗ್ಗಿ ಗೋಡೆ ಕುಸಿಯುತ್ತಿತ್ತು. ಆಗ 10 ಅಡಿ ಉದ್ದದ ಎರಕದ ಕಬ್ಬಿಣದ ಕೊಳವೆಗಳನ್ನು ಒಂದರ ಮೇಲೊಂದು ಇಟ್ಟು, ಮೇಲಿಂದ ಭಾರ ಬಡಿದು, 32 ಅಡಿಯಲ್ಲಿ ಬಂಡೆ ಸಿಗುವತನಕ ಇಳಿಸಿದರು. ಆಮೇಲೆ ಕೊಳವೆಯ ಒಳಗಿನಿಂದ ಬಂಡೆ ಕೊರೆಯುವುದು ಸುಲಭವಾಯಿತು, ದಿನಕ್ಕೆ ಸುಮಾರು 3 ಅಡಿ. ಈ ಉಪಾಯಕ್ಕೆ ಅವನು ಪೇಟೆಂಟ್ ಮಾಡಿಸಲಿಲ್ಲ.

ಕೊರೆದ ಕೈ ಮಾತ್ರ ವಿಲಿಯಂ ಸ್ಮಿತ್‌ನದು. ‘ಅಂಕಲ್ ಬಿಲ್ಲಿ’ ಎಂದು ಕರೆಸಿಕೊಳ್ಳುತ್ತಿದ್ದ ಈತ ಕಮ್ಮಾರ. ಉಪ್ಪುನೀರಿನ ಬಾವಿಗಳ ಸಲಕರಣೆ ಮಾಡಿ ಪಳಗಿದವನು. ಕೂಲಿ ದಿನಕ್ಕೆ 2.50 ಡಾಲರ್. 1859ರ ಆಗಸ್ಟ್ 27, ಶನಿವಾರ ಉಳಿ ಒಂದು ಬಿರುಕಿಗೆ ಜಾರಿತು, ಕೆಲಸ ನಿಲ್ಲಿಸಿದರು. ಭಾನುವಾರ ಬಂದು ಕೊಳವೆಯೊಳಗೆ ಇಣುಕಿ ಎಣ್ಣೆ ಕಂಡವನೂ ಸ್ಮಿತ್‌ನೇ. ಉಪ್ಪಿನ ಬಾವಿಯವರ ನಲವತ್ತು–ಐವತ್ತು ವರ್ಷಗಳ ಅನುಭವ ಇಲ್ಲದೆ ಹೋಗಿದ್ದರೆ ಡ್ರೇಕ್‌ನ ಕೊಳವೆಯೊಳಗೆ ಇಳಿಸಲು ಏನೂ ಇರುತ್ತಿರಲಿಲ್ಲ. ಪಠ್ಯಪುಸ್ತಕಗಳು ಇದನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ.

ಹಗ್ಗಕ್ಕೆ ಕಬ್ಬಿಣ ಕಟ್ಟಿ ಕುಟ್ಟಿದರೆ ಬಂಡೆ ತೂತಾಗುತ್ತದೆಯೇ?

ಆಗುತ್ತದೆ. ಭಾರವಾದ ಉಳಿಯನ್ನು ಎರಡು–ಮೂರು ಅಡಿ ಎತ್ತಿ ಬಿಡುವುದು, ಮತ್ತೆ ಎತ್ತಿ ಬಿಡುವುದು, ನಿಮಿಷಕ್ಕೆ ಮೂವತ್ತರ ಆಸುಪಾಸು ಪೆಟ್ಟು. ಬಂಡೆ ಕತ್ತರಿಸಿ ಹೋಗುವುದಿಲ್ಲ, ನುಚ್ಚಾಗುತ್ತದೆ. ಬಾವಿಯಲ್ಲಿ ಸ್ವಲ್ಪ ನೀರು ಇರಲೇಬೇಕು. ಆಗ ನುಚ್ಚು ರಾಡಿಯಾಗಿ ತೇಲಿ ಉಳಿಯ ಬಾಯಿ ಬಿಟ್ಟುಕೊಡುತ್ತದೆ. ಒಣಗಿದ್ದರೆ ಪುಡಿ ತಳದಲ್ಲೇ ಕೂತು ಪೆಟ್ಟನ್ನು ನುಂಗಿಬಿಡುತ್ತದೆ.

ಬಡವರ ಪಾಲಿಗೆ ಎಂಜಿನ್ ಇರಲಿಲ್ಲ. ಬಳುಕುವ ಉದ್ದದ ಮರದ ಬುಡವನ್ನು ನೆಲಕ್ಕೆ ಬಿಗಿದು, ತುದಿಯನ್ನು ಬಾವಿಯ ಮೇಲೆ ಚಾಚಿ, ಅದಕ್ಕೆ ಹಗ್ಗ ಕಟ್ಟುತ್ತಿದ್ದರು. ಹಗ್ಗದ ಕುಣಿಕೆಗೆ ಕಾಲು ಕೊಟ್ಟು ಇಬ್ಬರು ಒದ್ದಾಗ ಮರ ಬಾಗಿ ಉಳಿ ಕೆಳಗೆ ಬೀಳುತ್ತಿತ್ತು, ಬಿಟ್ಟಾಗ ಮರ ತಾನೇ ಚಿಮ್ಮಿ ಎತ್ತುತ್ತಿತ್ತು. ನಮ್ಮ ಕಡೆ ಏತದ ಮೇಲೆ ನಡೆದಾಡಿ ನೀರೆತ್ತುತ್ತಿದ್ದವರ ಕಾಲಿನ ಕಸರತ್ತು ನೆನಪಿಸಿಕೊಂಡರೆ ಇದರ ಶ್ರಮ ಅಂದಾಜಾಗುತ್ತದೆ. 1860ರ ದಶಕದ ಆರಂಭದಲ್ಲಿ ಆಯಿಲ್ ಕ್ರೀಕ್‌ನ ಎಷ್ಟೋ ಬಾವಿಗಳು ಹೀಗೆ ಕಾಲಿನಿಂದಲೇ ಇಳಿದವು.

ಎಂಜಿನ್ ಬಂದ ಮೇಲೆ ರಿಗ್ ಹೇಗಿತ್ತು?

1880ರ ಹೊತ್ತಿಗೆ ಒಂದು ಮಾದರಿ ಗಟ್ಟಿಯಾಗಿತ್ತು. ಡೆರಿಕ್ ಎಂಬ ಎಪ್ಪತ್ತು ಅಡಿ ಎತ್ತರದ ಮರದ ಗೋಪುರ, ತಳ ಸುಮಾರು 20 ಅಡಿ ಚೌಕ. ಪಕ್ಕದಲ್ಲಿ ಗಟ್ಟಿ ಕಂಬದ ಮೇಲೆ ತೂಗುವ 26 ಅಡಿ ಉದ್ದದ ತೊಲೆ. ತೊಲೆಯ ಒಂದು ತುದಿಯನ್ನು ಎಂಜಿನ್‌ನಿಂದ ತಿರುಗುವ ದೊಡ್ಡ ಚಕ್ರ ಏರಿಳಿಸುತ್ತದೆ, ಇನ್ನೊಂದು ತುದಿ ಬಾವಿಯ ಬಾಯಿಯ ಮೇಲೆ ಹಗ್ಗ ಹಿಡಿದಿರುತ್ತದೆ. ಸಲಕರಣೆ ಮೇಲೆತ್ತಲು ಬುಲ್ ವೀಲ್ ಎಂಬ ಬೇರೆ ರಾಟೆ, ರಾಡಿ ತೆಗೆಯಲು ಮತ್ತೊಂದು. ಎಂಜಿನ್ ಕಡೆಯ ಜೋಡಣೆ ಕಳಚಿಕೊಂಡರೆ ತೊಲೆ ಧೊಪ್ಪನೆ ಡ್ರಿಲ್ಲರ್‌ನ ತಲೆಯ ಮೇಲೇ ಬರಬಹುದು. ಅದನ್ನು ತಡೆಯಲು ಕೆಳಗೆ ನೆಟ್ಟಿದ್ದ ಕಂಬಕ್ಕೆ ಹೆಡೇಕ್ ಪೋಸ್ಟ್ ಎನ್ನುತ್ತಿದ್ದರು.

ಹಗ್ಗದ ತುದಿಯಲ್ಲಿ ಬರೀ ಉಳಿಯೇ?

ಉಳಿ ಅದರಲ್ಲಿ ತೀರಾ ಹಗುರವಾದ ಭಾಗಗಳಲ್ಲೊಂದು. 1880ರ ಸುಮಾರಿನ ಒಂದು ಪೂರ್ತಿ ಸರಣಿ ಅರವತ್ತು ಅಡಿಗೂ ಉದ್ದ, 2,100 ಪೌಂಡ್ ಆಸುಪಾಸಿನ ತೂಕ. ಮೇಲಿನಿಂದ ಹೇಳುವುದಾದರೆ, ಹಗ್ಗ ಕಚ್ಚಿಕೊಳ್ಳುವ ಸಾಕೆಟ್, ಅದರ ಕೆಳಗೆ ಸಿಂಕರ್ ಬಾರ್ ಎಂಬ 18 ಅಡಿಯ ಭಾರದ ಸರಳು, ಆಮೇಲೆ ಜಾರ್, ಆಮೇಲೆ 30 ಅಡಿ ಉದ್ದದ, ಸಾವಿರ ಪೌಂಡ್ ತೂಗುವ, ಆಗರ್ ಸ್ಟೆಮ್ ಎಂಬ ದಪ್ಪ ಸರಳು, ತುದಿಯಲ್ಲಿ ಉಳಿ. ಪೆಟ್ಟಿನ ಬಲ ಸ್ಟೆಮ್‌ನದು.

ಇವುಗಳಲ್ಲಿ ಜಾಣತನ ಇರುವುದು ಜಾರ್‌ನಲ್ಲಿ. ಸರಪಳಿಯ ಎರಡು ಉದ್ದನೆಯ ಕೊಂಡಿಗಳು ಒಂದರೊಳಗೊಂದು ಸಿಕ್ಕಿಕೊಂಡು, ಕೆಲವು ಅಂಗುಲ ಜಾರಾಡುವಂತೆ ಇರುವ ಸಲಕರಣೆ ಅದು. ಉಳಿ ಬಂಡೆಯಲ್ಲಿ ಕಚ್ಚಿಕೊಂಡಾಗ ಹಗ್ಗ ಮೆಲ್ಲಗೆ ಎಳೆದರೆ ಬರುವುದಿಲ್ಲ, ಜೋರಾಗಿ ಎಳೆದರೆ ಹಗ್ಗವೇ ಹರಿಯುತ್ತದೆ. ಜಾರ್ ಇದ್ದರೆ ಮೇಲಿನ ಕೊಂಡಿ ಮೊದಲು ಸಡಿಲವಾಗಿ ಮೇಲೇರಿ, ಕೊನೆಯಲ್ಲಿ ಕೆಳಗಿನದಕ್ಕೆ ಪಟ್ಟನೆ ಬಡಿಯುತ್ತದೆ. ಆ ಮೇಲ್ಮುಖದ ಪೆಟ್ಟಿಗೆ ಉಳಿ ಬಿಟ್ಟುಕೊಳ್ಳುತ್ತದೆ. ಈಗಿನ ವೆಸ್ಟ್ ವರ್ಜೀನಿಯಾ ರಾಜ್ಯದ ಕನಾವಾ ಕಣಿವೆಯ ಉಪ್ಪಿನ ಬಾವಿಗಳಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಮಾರಿಸ್ 1830ರ ದಶಕದಲ್ಲಿ ಇದನ್ನು ರೂಪಿಸಿದ. ಇದಿಲ್ಲದೆ ಸಾವಿರ ಅಡಿ ಇಳಿಯುವುದು ಕನಸಿನ ಮಾತಾಗಿತ್ತು.

ಎಷ್ಟು ಜನ, ಎಷ್ಟು ಹೊತ್ತು ಕೆಲಸ?

ಒಂದು ಬಾವಿಗೆ ನಾಲ್ವರು. ಇಬ್ಬರು ಡ್ರಿಲ್ಲರ್, ಇಬ್ಬರು ಟೂಲ್ ಡ್ರೆಸ್ಸರ್. ಒಬ್ಬ ಡ್ರಿಲ್ಲರ್, ಒಬ್ಬ ಡ್ರೆಸ್ಸರ್ ಸೇರಿ ಒಂದು ಪಾಳಿ. ಮಧ್ಯಾಹ್ನ ಹನ್ನೆರಡರಿಂದ ಮಧ್ಯರಾತ್ರಿ ಹನ್ನೆರಡು, ಅಲ್ಲಿಂದ ಮತ್ತೆ ಮಧ್ಯಾಹ್ನದವರೆಗೆ. ಬಾವಿ ನಿಲ್ಲುತ್ತಿರಲಿಲ್ಲ. ಡ್ರಿಲ್ಲರ್ ಬಾವಿಯ ಬಾಯಿ ಬಿಟ್ಟು ಕದಲುವ ಹಾಗಿಲ್ಲ. ಬಾಯ್ಲರ್‌ಗೆ ಸೌದೆ ಅಥವಾ ಕಲ್ಲಿದ್ದಲು, ಎಂಜಿನ್‌ಗೆ ಎಣ್ಣೆ, ಕುಲುಮೆ, ಉಳಿಯ ಹದ, ಡೆರಿಕ್ ತುದಿಯ ರಾಟೆಗೆ ಗ್ರೀಸ್ ಹಚ್ಚಲು ಏಣಿ ಹತ್ತುವುದು ಎಲ್ಲವೂ ಡ್ರೆಸ್ಸರ್ ಪಾಲಿಗೆ. ರಾತ್ರಿ ಬೆಳಕಿಗೆ 1870ರ ನಂತರ ‘ಯೆಲ್ಲೋ ಡಾಗ್’ ಎಂಬ ಎರಡು ಮೂತಿಯ ಎರಕದ ದೀಪ ಬಂತು. ಕಚ್ಚಾ ಎಣ್ಣೆಯನ್ನೇ ಉರಿಸುತ್ತಿತ್ತು.

ಗುತ್ತಿಗೆದಾರನಿಗೆ ಹಣ ಅಡಿ ಲೆಕ್ಕದಲ್ಲಿ ಬರುತ್ತಿತ್ತು. ನಿಧಾನಿಸಿದರೆ ನಷ್ಟ ಅವನದು. ಹಾಗಾಗಿ ಸವೆದ ಹಗ್ಗವನ್ನು ‘ಇನ್ನೊಂದು ಬಾವಿ ಆಗಲಿ’ ಎಂದು ಉಳಿಸಿಕೊಳ್ಳುವ ಆಸೆ ಹುಟ್ಟುತ್ತಿತ್ತು. ಎಷ್ಟೋ ಅನಾಹುತಗಳಿಗೆ ಅದೇ ಮೂಲ.

ಡ್ರಿಲ್ಲರ್ ಸದಾ ಹಗ್ಗದ ಮೇಲೆ ಕೈ ಇಟ್ಟಿರುತ್ತಿದ್ದನೇಕೆ?

ಬಾವಿಯ ತಳದ ಸುದ್ದಿ ಬರುತ್ತಿದ್ದುದು ಅದೊಂದೇ ದಾರಿಯಲ್ಲಿ. ಜಾರ್‌ನ ಮೇಲ್ಮುಖದ ಪೆಟ್ಟು ಹಗ್ಗದಲ್ಲಿ ಸಣ್ಣ ಅದುರಾಗಿ ಕೈಗೆ ತಾಗಬೇಕು. ಬಾವಿ ಆಳವಾದಂತೆ ಆ ಅದುರು ಮಂದವಾಗುತ್ತದೆ. ಆಗ ತೊಲೆಯ ತುದಿಗೆ ತೂಗುಹಾಕಿದ ಟೆಂಪರ್ ಸ್ಕ್ರೂ ತಿರುಗಿಸಿ ಹಗ್ಗವನ್ನು ಚೂರು ಕೆಳಗೆ ಬಿಡಬೇಕು. ಹೆಚ್ಚು ಬಿಟ್ಟರೆ ಹಗ್ಗ ಸಡಿಲಾಗಿ ಜಾರ್ ಕೆಳಮುಖವಾಗಿಯೂ ಬಡಿದುಕೊಂಡು ಒಡೆಯುತ್ತದೆ. ಕಡಿಮೆಯಾದರೆ ಉಳಿ ತಳ ಮುಟ್ಟದೆ ಗಾಳಿಯಲ್ಲಿ ತೂಗಾಡುತ್ತದೆ.

ಜೊತೆಗೆ ಹಗ್ಗವನ್ನು ತಿರುಚುತ್ತಲೂ ಇರಬೇಕು. ಪ್ರತಿ ಪೆಟ್ಟಿಗೂ ಉಳಿ ಸ್ವಲ್ಪ ಸ್ವಲ್ಪ ತಿರುಗಿದರೆ ಮಾತ್ರ ತೂತು ದುಂಡಗಾಗುತ್ತದೆ. ತಿರುಗದಿದ್ದರೆ ಚಪ್ಪಟೆಯಾಗಿ, ನಾಳೆ ಅದೇ ಉಳಿ ಅದರಲ್ಲೇ ಸಿಕ್ಕಿಬೀಳುತ್ತದೆ. ಸ್ಕ್ರೂವಿನ ಉದ್ದ, ಅಂದರೆ ಸುಮಾರು ಐದು ಅಡಿ, ಮುಗಿಯುವಷ್ಟರಲ್ಲಿ ರಾಡಿ ದಪ್ಪವಾಗಿರುತ್ತದೆ. ತೊಲೆ ಬಿಚ್ಚಿ, ಬುಲ್ ವೀಲ್‌ನಲ್ಲಿ ಸಲಕರಣೆ ಮೇಲೆತ್ತಿ, ತಳದಲ್ಲಿ ಕವಾಟವಿರುವ ಉದ್ದನೆಯ ಕೊಳವೆಯಂಥ ಬೈಲರ್ ಇಳಿಸಿ ರಾಡಿ ಮೊಗೆದು, ಉಳಿಯ ಅಗಲ ಅಳೆದು, ಮತ್ತೆ ಇಳಿಸಬೇಕು. ಬೈಲರ್‌ನಲ್ಲಿ ಬಂದ ಮರಳಿನ ಬಣ್ಣ, ವಾಸನೆ ನೋಡಿ ಯಾವ ಪದರಕ್ಕೆ ಬಂದೆವೆಂದು ಹೇಳುತ್ತಿದ್ದರು.

ಉಳಿಗೆ ಹದ ಕೊಡುವುದರಲ್ಲಿ ಅಂಥದ್ದೇನಿದೆ?

ಬಾವಿ ಕೆಡುವುದು ಹೆಚ್ಚಾಗಿ ಇಲ್ಲಿಂದಲೇ. ಗಟ್ಟಿ ಮರಳುಗಲ್ಲಿನಲ್ಲಿ ಉಳಿಯ ಅಂಚು ಬೇಗ ಸವೆಯುತ್ತದೆ. ಸವೆದ ಉಳಿಯಿಂದ ಕೊರೆದರೆ ತೂತು ಕೆಳಕೆಳಗೆ ಕಿರಿದಾಗುತ್ತದೆ. ಆಮೇಲೆ ಪೂರ್ತಿ ಅಗಲದ ಉಳಿ ಇಳಿಸಿದರೆ ಅದು ಆ ಕಿರಿದಾದ ಜಾಗದಲ್ಲಿ ಬೆಣೆ ಹೊಡೆದ ಹಾಗೆ ಕೂತುಬಿಡುತ್ತದೆ. ಅದಕ್ಕೇ ಪ್ರತಿ ಸಲ ಮೇಲೆತ್ತಿದಾಗಲೂ ಅಳತೆಯ ಬಳೆಯಿಂದ ನೋಡಬೇಕು.

ಅಗಲ ಕಡಿಮೆಯಾಗಿದ್ದರೆ ಡೆರಿಕ್ ಒಳಗಿನ ಕುಲುಮೆಯಲ್ಲಿ ಕಾಯಿಸಿ, ಡ್ರಿಲ್ಲರ್ ಮತ್ತು ಡ್ರೆಸ್ಸರ್ ಎದುರುಬದುರು ನಿಂತು ದೊಡ್ಡ ಸುತ್ತಿಗೆಯಲ್ಲಿ ಸರದಿಯಂತೆ ಬಡಿದು ಮೂಲೆಗಳನ್ನು ಹೊರಕ್ಕೆ ಹರಡುತ್ತಿದ್ದರು. ಆಮೇಲೆ ನೀರಿನಲ್ಲಿ ಅದ್ದಿ ಹದ. ಹದ ಜಾಸ್ತಿಯಾದರೆ ಮೂಲೆ ಚಕ್ಕೆ ಎದ್ದು ಬಾವಿಯಲ್ಲೇ ಬೀಳುತ್ತದೆ. ಆ ಉಕ್ಕಿನ ಚೂರನ್ನು ಕೊರೆಯುವುದು ಬಂಡೆ ಕೊರೆಯುವುದಕ್ಕಿಂತ ಕಷ್ಟ. ಹದ ಕಮ್ಮಿಯಾದರೆ ಬಾಯಿ ಅಣಬೆಯಾಗಿ ಅರಳಿಕೊಂಡು ಮೇಲೆ ಬರುವುದಿಲ್ಲ. ಎಂಜಿನ್ನಿನ ಶಬ್ದದ ನಡುವೆ, ಗ್ಯಾಸ್ ಬರಬಹುದಾದ ಬಾವಿಯಿಂದ ಕೆಲವೇ ಅಡಿ ದೂರದಲ್ಲಿ, ತೆರೆದ ಬೆಂಕಿಯಲ್ಲಿ ಈ ಕೆಲಸ ನಡೆಯುತ್ತಿತ್ತು ಎಂಬುದನ್ನು ಮರೆಯಬಾರದು.

ಹಗ್ಗ ಹರಿದು ಸಲಕರಣೆ ಬಾವಿಯಲ್ಲೇ ಉಳಿದರೆ?

‘ಫಿಶಿಂಗ್’. ಮೊದಲು ಕೆಳಗೆ ಏನಿದೆ, ಹೇಗೆ ವಾಲಿದೆ ಎಂದು ತಿಳಿಯಬೇಕು. ಮರದ ತುಂಡಿನ ತಳಕ್ಕೆ ಮೇಣ ಅಥವಾ ಸಾಬೂನು ಮೆತ್ತಿ ಇಳಿಸಿ, ಒತ್ತಿ, ಮೇಲೆತ್ತಿದರೆ ಅದರ ಮೇಲೆ ಅಚ್ಚು ಮೂಡಿರುತ್ತದೆ. ಹಗ್ಗವಷ್ಟೇ ಹರಿದು ಸುರುಳಿಯಾಗಿ ಬಿದ್ದಿದ್ದರೆ ಮುಳ್ಳುಗಳಿರುವ ಭರ್ಜಿ ಇಳಿಸಿ ಸಿಕ್ಕಿಸಿ ಎಳೆಯುವುದು. ಸಲಕರಣೆಯ ತಲೆ ನೆಟ್ಟಗಿದ್ದರೆ ಅದರ ಮೇಲೆ ಟೋಪಿಯಂತೆ ಕೂತು ಒಳಗಿನ ಹಲ್ಲುಗಳಿಂದ ಕಚ್ಚುವ ಸ್ಲಿಪ್ ಸಾಕೆಟ್. ಗೋಡೆಗೆ ವಾಲಿದ್ದರೆ ಮೊದಲು ಕೊಕ್ಕೆಯಿಂದ ನೇರ ಮಾಡಬೇಕು. ವಾರಗಟ್ಟಲೆ ಹಿಡಿದ ಉದಾಹರಣೆಗಳುಂಟು. ಅಷ್ಟೂ ದಿನ ಒಂದು ಅಡಿಯೂ ಇಳಿದಿರುವುದಿಲ್ಲ. ಆತುರದಿಂದ ತಪ್ಪು ಸಲಕರಣೆ ಇಳಿಸಿ ಅದೂ ಸಿಕ್ಕಿಕೊಂಡರೆ, ಬಾವಿ ಬಿಟ್ಟು ಪಕ್ಕದಲ್ಲಿ ಹೊಸದು ಕೊರೆಯುವುದೇ ಲೇಸು.

ತೂತು ವಾಲಿದರೆ ಮದ್ದು ಬೇರೆ. ಓರೆಯಾದ ಪದರಕ್ಕೆ ಉಳಿ ಜಾರಿ ಬಾವಿ ಸೊಟ್ಟಗಾದರೆ, ಆ ಜಾಗಕ್ಕೆ ಗಟ್ಟಿ ಕಲ್ಲು, ಎರಕದ ಕಬ್ಬಿಣದ ಚೂರು ತುಂಬಿ ಮತ್ತೆ ನಿಧಾನವಾಗಿ ಕೊರೆದು ನೇರ ಮಾಡುತ್ತಿದ್ದರು.

ಮೇಲಿನ ನೀರು ಎಣ್ಣೆಯ ಪದರಕ್ಕೆ ಇಳಿಯದಂತೆ ಹೇಗೆ ತಡೆದರು?

ಅಗಸೆ ಬೀಜದಿಂದ! ಒಂದು ಚರ್ಮದ ಚೀಲವನ್ನು ಎಣ್ಣೆ ಎತ್ತುವ ಎರಡು ಅಂಗುಲದ ಕೊಳವೆಯ ಸುತ್ತ ಸುತ್ತಿ, ಅಗಸೆ ಬೀಜ ತುಂಬಿ, ಎರಡೂ ತುದಿ ಬಿಗಿದು ಬಾವಿಗೆ ಇಳಿಸುತ್ತಿದ್ದರು. ಕೆಲವು ಗಂಟೆಗಳಲ್ಲಿ ಬೀಜ ನೆಂದು ಉಬ್ಬಿ ಕೊಳವೆಗೂ ಬಂಡೆಗೂ ನಡುವಿನ ಸಂದು ಮುಚ್ಚಿಹೋಗುತ್ತಿತ್ತು. ತೊಂದರೆ ಬರುತ್ತಿದ್ದುದು ಪಂಪ್ ರಿಪೇರಿಗೆ ಕೊಳವೆ ಮೇಲೆತ್ತಬೇಕಾದಾಗ. ಕಟ್ಟು ಕಿತ್ತು ಬೀಜ ಚೆಲ್ಲಿ, ಮೇಲಿನ ನೀರೆಲ್ಲ ಎಣ್ಣೆಯ ಮರಳಿಗೆ ನುಗ್ಗುತ್ತಿತ್ತು. ನೆರೆಯವನ ಬಾವಿಯೂ ಇದರಿಂದ ಕೆಡುತ್ತಿತ್ತು, ಜಗಳಗಳಿಗೆ ಕೊನೆಯಿರಲಿಲ್ಲ. 1860ರ ದಶಕದ ಕೊನೆಯ ಹೊತ್ತಿಗೆ ನೀರಿನ ಪದರ ದಾಟುವವರೆಗೆ ಕಬ್ಬಿಣದ ಕೇಸಿಂಗ್ ಇಳಿಸಿ, ಆಮೇಲೆ ಮೇಲಿನ ನೀರು ನುಗ್ಗದ ಬಾವಿಯಲ್ಲಿ ಕೊರೆಯುವ ಪದ್ಧತಿ ಬಂತು.

ಬಾವಿಯೊಳಗೆ ಸಿಡಿಮದ್ದು ಹಾಕುತ್ತಿದ್ದುದು ನಿಜವೇ?

ನಿಜ. ಅಂತರ್ಯುದ್ಧದಲ್ಲಿ ಸೈನಿಕನಾಗಿದ್ದ ಎಡ್ವರ್ಡ್ ರಾಬರ್ಟ್ಸ್ 1865ರ ಜನವರಿಯಲ್ಲಿ ಟೈಟಸ್‌ವಿಲ್ ಬಳಿಯ ಲೇಡೀಸ್ ಬಾವಿಯಲ್ಲಿ ಟಾರ್ಪೆಡೊ ಎಂಬ ಸಿಡಿಮದ್ದಿನ ಕೊಳವೆಯನ್ನು ಮೊದಲ ಸಲ ಸಿಡಿಸಿದ. ಮೊದಲು ಕರಿಮದ್ದು, ಬೇಗನೆ ನೈಟ್ರೊಗ್ಲಿಸರಿನ್. ತಗಡಿನ ಕೊಳವೆಯಲ್ಲಿ ಅದನ್ನು ತಳಕ್ಕೆ ಇಳಿಸಿ, ಮೇಲಿಂದ ಕಬ್ಬಿಣದ ಗುಂಡು ಬಿಡುತ್ತಿದ್ದರು. ಬಾವಿಯಲ್ಲಿ ನಿಂತ ನೀರು ಮೇಲಿನ ಒತ್ತಡವಾಗಿ ಸ್ಫೋಟದ ಬಲವನ್ನು ಪಕ್ಕದ ಮರಳುಗಲ್ಲಿಗೆ ತಿರುಗಿಸುತ್ತಿತ್ತು. ಬಿರುಕು ಬಿಟ್ಟು, ಕಟ್ಟಿಕೊಂಡಿದ್ದ ಮೇಣದಂಥ ಪ್ಯಾರಾಫಿನ್ ಕಿತ್ತು, ಎಣ್ಣೆ ಹೆಚ್ಚುತ್ತಿತ್ತು.

ರಾಬರ್ಟ್ಸ್ ಒಂದು ಟಾರ್ಪೆಡೊಗೆ 100ರಿಂದ 200 ಡಾಲರ್, ಜೊತೆಗೆ ಹೆಚ್ಚಾದ ಎಣ್ಣೆಯಲ್ಲಿ ಹದಿನೈದನೇ ಒಂದು ಪಾಲು ಕೇಳುತ್ತಿದ್ದ. ಅಷ್ಟು ಕೊಡಲಾರದವರು ರಾತ್ರಿ ಕದ್ದು ಸಿಡಿಸುವವರನ್ನು ಕರೆಯುತ್ತಿದ್ದರು. ನೈಟ್ರೊಗ್ಲಿಸರಿನ್ 13 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಹೆಪ್ಪುಗಟ್ಟುತ್ತದೆ. ಪೆನ್ಸಿಲ್ವೇನಿಯಾದ ಚಳಿಯಲ್ಲಿ ಅದನ್ನು ಕರಗಿಸಲು ಹೋಗಿ, ಹೊಂಡಬಿದ್ದ ದಾರಿಯಲ್ಲಿ ಗಾಡಿಯಲ್ಲಿ ಸಾಗಿಸಲು ಹೋಗಿ ಸತ್ತವರು ಅನೇಕರು.

ಬೆಂಕಿ ಅನಾಹುತಗಳು ಎಷ್ಟು ಸಾಮಾನ್ಯ?

ಬಹಳ. ಡ್ರೇಕ್‌ನ ಬಾವಿಯೇ ಎಣ್ಣೆ ಕಂಡ ಆರು ವಾರದೊಳಗೆ, 1859ರ ಅಕ್ಟೋಬರ್‌ನಲ್ಲಿ, ಸ್ಮಿತ್ ಹಿಡಿದ ತೆರೆದ ದೀಪದಿಂದ ಹೊತ್ತಿಕೊಂಡಿತು. 1861ರ ಏಪ್ರಿಲ್ 17ರಂದು ಈಗಿನ ರೌಸ್‌ವಿಲ್‌ನಲ್ಲಿ ಬಾವಿಯೊಂದು ಗ್ಯಾಸ್ ಸಮೇತ ಚಿಮ್ಮಿ ಹೊತ್ತಿಕೊಂಡು 19 ಜನ ಸತ್ತರು. ಮಾಲೀಕ ಹೆನ್ರಿ ರೌಸ್ ಕೂಡ ಅವರಲ್ಲೊಬ್ಬ. ಬಾಯ್ಲರನ್ನು ಬಾವಿಯಿಂದ ದೂರ, ಗಾಳಿ ಬೀಸಿ ಬರುವ ದಿಕ್ಕಿನಲ್ಲಿ ಇಡಬೇಕೆಂಬ ಬುದ್ಧಿ ಇಂಥವುಗಳಿಂದಲೇ ಬಂದದ್ದು.

ಜೊತೆಗೆ ಬರುತ್ತಿದ್ದ ಗ್ಯಾಸ್ ಏನಾಗುತ್ತಿತ್ತು?

ಹೆಚ್ಚಿನದು ಗಾಳಿಪಾಲು, ಇಲ್ಲವೇ ಡೆರಿಕ್ ಪಕ್ಕದ ಕೊಳವೆಯ ತುದಿಯಲ್ಲಿ ಹಗಲು ರಾತ್ರಿ ಉರಿಯುತ್ತಿತ್ತು. ಜಾಣರು ಬಾಯ್ಲರ್‌ಗೆ ಕೊಟ್ಟರು. ನ್ಯೂಯಾರ್ಕ್ ರಾಜ್ಯದ ಫ್ರೆಡೋನಿಯಾದಲ್ಲಿ 1820ರ ದಶಕದಲ್ಲೇ ವಿಲಿಯಂ ಹಾರ್ಟ್ ತೆಗೆದ ಗ್ಯಾಸ್‌ನಿಂದ ದೀಪ ಹಚ್ಚಿದ್ದರು. 1872ರಲ್ಲಿ ನ್ಯೂಟನ್ ಎಂಬ ಗ್ಯಾಸ್ ಬಾವಿಯಿಂದ ಟೈಟಸ್‌ವಿಲ್‌ಗೆ ಐದೂವರೆ ಮೈಲಿ ಉದ್ದದ ಎರಡು ಅಂಗುಲದ ಕೊಳವೆ ಹಾಕಿದರು.

ಬ್ಯಾರೆಲ್ ಎಂದರೆ 42 ಗ್ಯಾಲನ್ ಏಕೆ?

ಮರದ ಪೀಪಾಯಿಗಳು ಸೋರುತ್ತಿದ್ದವು, ಅಳತೆಯೂ ಒಂದೊಂದು ಥರ. 1866ರ ಆಗಸ್ಟ್‌ನಲ್ಲಿ ಉತ್ಪಾದಕರು ಸೇರಿ 40 ಗ್ಯಾಲನ್‌ಗೆ ಕೊಳ್ಳುವವನ ಪರವಾಗಿ ಎರಡು ಗ್ಯಾಲನ್ ಸೇರಿಸಿ ಕೊಡುವುದೆಂದು ಒಪ್ಪಿದರು. ಅದೇ ಇವತ್ತಿಗೂ ನಿಂತಿದೆ.

ಸಾಗಣೆಯವರ ಕಥೆಯೇ ಬೇರೆ. ಕುದುರೆಗಾಡಿಯವರು ಕೆಲವೇ ಮೈಲಿಗೆ ಬ್ಯಾರೆಲ್ಲಿಗೆ 3 ಡಾಲರ್, ಒಮ್ಮೊಮ್ಮೆ ಅದಕ್ಕಿಂತ ಹೆಚ್ಚು ಕೇಳುತ್ತಿದ್ದರು. 1865ರಲ್ಲಿ ಸ್ಯಾಮ್ಯುಯೆಲ್ ವಾನ್ ಸಿಕಲ್ ಪಿಟ್‌ಹೋಲ್ ಎಂಬ ಎಣ್ಣೆಯೂರಿನಿಂದ ಮಿಲ್ಲರ್ ಫಾರ್ಮ್ ರೈಲು ನಿಲ್ದಾಣಕ್ಕೆ ಐದು ಮೈಲಿ ಎರಡು ಅಂಗುಲದ ಪೈಪ್‌ಲೈನ್ ಹಾಕಿ 1 ಡಾಲರ್‌ಗೆ ಇಳಿಸಿದ. ಗಾಡಿಯವರು ರಾತ್ರಿ ಕೊಳವೆ ಕಿತ್ತು ಹಾಕಿದರು, ಅವನು ಬಂದೂಕಿನ ಕಾವಲು ಹಾಕಿದ. ಗಾಡಿಯವರ ಸಿಟ್ಟು ಅರ್ಥವಾಗದ್ದೇನಲ್ಲ: ಸಾವಿರಾರು ಜನರ ಅನ್ನ ಕೆಲವೇ ತಿಂಗಳಲ್ಲಿ ಹೋಯಿತು.

ಹಗ್ಗದ ಕಾಲ ಮುಗಿದದ್ದು ಹೇಗೆ?

ಮೆತ್ತನೆಯ ನೆಲದಲ್ಲಿ ಅದು ಸೋತಿತು. ಟೆಕ್ಸಾಸ್‌ನ ಬ್ಯೂಮಾಂಟ್ ಬಳಿಯ ಸ್ಪಿಂಡಲ್‌ಟಾಪ್‌ನಲ್ಲಿ ನೂರಾರು ಅಡಿ ಸಡಿಲ ಮರಳು, ಕುಟ್ಟಿದಷ್ಟೂ ಕುಸಿಯುತ್ತಿತ್ತು. ಆಂಥೊನಿ ಲ್ಯೂಕಸ್ ಕರೆಸಿದ ಹ್ಯಾಮಿಲ್ ಸಹೋದರರು ಕೊಳವೆ ತಿರುಗಿಸಿ ಕೊರೆಯುವ ರೋಟರಿ ತಂದರು. ಬರೀ ನೀರು ಸುರಿದರೆ ಗೋಡೆ ನಿಲ್ಲಲಿಲ್ಲ. ಹೊಂಡದಲ್ಲಿ ದನಗಳನ್ನು ಓಡಾಡಿಸಿ ಕೆಸರು ಕದಡಿಸಿ ಅದನ್ನೇ ಬಾವಿಗೆ ಪಂಪ್ ಮಾಡಿದರು. ಕೆಸರು ಗೋಡೆಗೆ ಮೆತ್ತಿಕೊಂಡು ಮರಳನ್ನು ಹಿಡಿಯಿತು. 1901ರ ಜನವರಿ 10ರಂದು ಆ ಬಾವಿ ಚಿಮ್ಮಿ, ಒಂಬತ್ತು ದಿನ ಹತೋಟಿಗೆ ಸಿಗದೆ ದಿನಕ್ಕೆ ಲಕ್ಷ ಬ್ಯಾರೆಲ್‌ನಷ್ಟು ಹರಿಯಿತೆಂದು ಅಂದಾಜು. ಗಟ್ಟಿ ಬಂಡೆಯ ಪೆನ್ಸಿಲ್ವೇನಿಯಾದಲ್ಲಿ ಮಾತ್ರ ಹಗ್ಗ ಇನ್ನೂ ಹಲವು ದಶಕ ಉಳಿಯಿತು.

ಭಾರತದಲ್ಲಿ ಆಗ ಏನಾಗುತ್ತಿತ್ತು?

ಅಸ್ಸಾಂನಲ್ಲಿ ಆರಂಭ ಬೇಗನೇ ಆಗಿತ್ತು. ಮಾಕುಂ ಬಳಿ 1867ರ ಮಾರ್ಚ್‌ನಲ್ಲಿ 118 ಅಡಿಯಲ್ಲಿ ಎಣ್ಣೆ ಸಿಕ್ಕಿತು, ವ್ಯಾಪಾರ ಕುದುರಲಿಲ್ಲ. ದಿಗ್ಬೋಯ್‌ನಲ್ಲಿ ಅಸ್ಸಾಂ ರೈಲ್ವೇಸ್ ಅಂಡ್ ಟ್ರೇಡಿಂಗ್ ಕಂಪನಿ 1889ರಲ್ಲಿ ಶುರು ಮಾಡಿದ ಮೊದಲ ಬಾವಿ 1890ರಲ್ಲಿ 662 ಅಡಿಗೆ ಮುಗಿಯಿತು. ಕಾಡಿನಲ್ಲಿ ಸಾಮಾನು ಎಳೆದದ್ದು ಆನೆಗಳು. ಅಲ್ಲಿನ ಸಂಸ್ಕರಣಾಗಾರ 1901ರಲ್ಲಿ ಶುರುವಾಯಿತು.

ಕರ್ನಾಟಕದಲ್ಲಿ ಸಾವಿರ ಅಡಿ ಬೋರ್‌ವೆಲ್ ಕೊರೆದರೂ ಎಣ್ಣೆ ಏಕೆ ಸಿಗುವುದಿಲ್ಲ?

ಎಣ್ಣೆ ಹುಟ್ಟುವುದು, ನಿಲ್ಲುವುದು ಕೆಸರು, ಮರಳು, ಸುಣ್ಣಗಳು ಪದರವಾಗಿ ಕೂತ ಕಲ್ಲಿನಲ್ಲಿ. ನಮ್ಮ ಕಾಲ ಕೆಳಗಿರುವುದು ಬಹುಪಾಲು 250 ಕೋಟಿ ವರ್ಷಕ್ಕೂ ಹಳೆಯ ಗ್ರಾನೈಟ್ ಮತ್ತು ನೈಸ್. ಅದರ ಬಿರುಕಿನಲ್ಲಿ ನೀರು ನಿಲ್ಲಬಹುದು, ಎಣ್ಣೆ ಹುಟ್ಟದು. ಬೋರ್ ಲಾರಿಯ ಸುತ್ತಿಗೆ ಕುಟ್ಟುವುದು ಕೂಡ ಹಳೆಯ ತತ್ವದಲ್ಲೇ, ಆದರೆ ಗಾಳಿಯ ಒತ್ತಡದಿಂದ. ನುಚ್ಚನ್ನೂ ಅದೇ ಗಾಳಿ ಮೇಲೆ ಊದುತ್ತದೆ. ‘ಕೇಸಿಂಗ್ ಎಷ್ಟು ಅಡಿ ಹೋಯ್ತು?’ ಎಂದು ರೈತರು ಕೇಳುವುದು ಡ್ರೇಕ್ ಎದುರಿಸಿದ ಪ್ರಶ್ನೆಯೇ: ಸಡಿಲ ಮಣ್ಣು ಎಲ್ಲಿ ಮುಗಿದು ಬಂಡೆ ಎಲ್ಲಿ ಶುರು?

ಆ ಹಳೆಯ ಬಾವಿಗಳು ಈಗ ಏನಾಗಿವೆ?

ಹಲವು ಇನ್ನೂ ಬಾಯಿ ತೆರೆದೇ ಇವೆ. ಎಣ್ಣೆ ಬತ್ತಿದಾಗ ಕೊರೆದವರು ಮರದ ದಿಮ್ಮಿ, ಕಲ್ಲು, ಕೈಗೆ ಸಿಕ್ಕಿದ್ದು ತುರುಕಿ ಹೋದರು. ಎಷ್ಟೋ ಕಡೆ ಅದೂ ಇಲ್ಲ. ಅವುಗಳಿಂದ ಮೀಥೇನ್ ಸೋರುತ್ತದೆ, ಉಪ್ಪುನೀರು ಕುಡಿಯುವ ನೀರಿಗೆ ಬೆರೆಯುತ್ತದೆ. ಈಗ ಡ್ರೋನ್‌ಗೆ ಮ್ಯಾಗ್ನೆಟೊಮೀಟರ್ ಕಟ್ಟಿ ನೆಲದೊಳಗಿನ ಕಬ್ಬಿಣದ ಕೇಸಿಂಗ್ ಹುಡುಕಿ, ಬಾವಿ ಶುಚಿ ಮಾಡಿ ಸಿಮೆಂಟ್ ತುಂಬುತ್ತಾರೆ. ಗುಜರಿಗೆಂದು ಕೇಸಿಂಗ್ ಕಿತ್ತು ಒಯ್ದ ಬಾವಿಗಳು ಈ ಉಪಕರಣಕ್ಕೆ ಕಾಣುವುದಿಲ್ಲ. ಅಂಥವನ್ನು ಹಳೆಯ ನಕ್ಷೆ, ಜಮೀನಿನ ಪತ್ರ ಹಿಡಿದು ಕಾಲ್ನಡಿಗೆಯಲ್ಲೇ ಹುಡುಕಬೇಕು.